ಪ್ಲಾಸ್ಟರ್ ನುಡಿದ ಸಾಕ್ಷಿ

ಗೆಳೆಯರೇ, ಇವತ್ತು ಕಲಬುರಗಿಯ ಒಂದು ವಿಮಾ ಕಚೇರಿಯಲ್ಲಿ ನಮ್ಮ ಅತ್ತಿಗೆ ಗೆದ್ದುಬಂದರು. ಜೊತೆಗೆ ನಾನೂ ಇದ್ದೆ.

ಕುವೈತಿನಲ್ಲಿ ಗೌಂಡಿಯಾಗಿದ್ದ ಅಣ್ಣ ಕಟ್ಟಡದಿಂದ ಬಿದ್ದು ಕೈ ಮುರಿದುಕೊಂಡಿದ್ದ. ಆಗ ಅವನ ವಿಮೆ ಚಾಲ್ತಿಯಲ್ಲಿತ್ತು. ಅವನು ನಮ್ಮೂರು ಕಮಲಾಪುರಕ್ಕೆ ಮರಳುವಷ್ಟರಲ್ಲಿ ಅವಧಿ ಮುಗಿದಿತ್ತು. ಆಸ್ಪತ್ರೆಯ ಕಾಗದಗಳೆಲ್ಲ ಅರಬ್ಬಿಯಲ್ಲಿ.

ಗುಮಾಸ್ತರು ಅವನ್ನು ಬದಿಗೆ ಸರಿಸಿ, "ವಿಮಾ ಮುಗದದ್ರಿ. ಕೈ ಆಮ್ಯಾಲ ಮುರದಿಲ್ಲ ಅಂತ ಹೆಂಗ ನಂಬಬೇಕು?" ಎಂದರು.

ಅತ್ತಿಗೆ ಬಾಳೆಹಣ್ಣು ತರುವ ಚೀಲದಿಂದ ಅಣ್ಣನ ಕೈಯಿಂದ ಬಿಚ್ಚಿಸಿದ ಪ್ಲಾಸ್ಟರನ್ನು ತೆಗೆದು ಮೇಜಿನ ಮೇಲಿಟ್ಟರು. ಕುವೈತಿನಲ್ಲಿ ಅವನ ಜೊತೆ ದುಡಿಯುತ್ತಿದ್ದ ಫಿಲಿಪ್ಪೀನ್ಸ್ ಗೆಳೆಯರು ಅದರ ಮೇಲೆ ಬೇಗ ಹುಷಾರಾಗು ಎಂದು ಇಂಗ್ಲಿಷಿನಲ್ಲಿ ಬರೆದು, ಸಹಿ ಮಾಡಿ, ತಾರೀಖನ್ನೂ ಹಾಕಿದ್ದರು.

"ಇದು ಅರಬ್ಬಿ ಅಲ್ರಿ. ಓದ್ರಿ," ಎಂದರು ಅತ್ತಿಗೆ.

ಗುಮಾಸ್ತರ ಮುಖ ನೋಡಬೇಕಿತ್ತು. ಒಳಗಿಂದ ಬಂದ ಸಾಹೇಬರು ಪ್ಲಾಸ್ಟರನ್ನು ತಿರುಗಿಸಿ ತಿರುಗಿಸಿ ಓದಿದರು. "ವಿಮಾ ಇದ್ದಾಗೇ ಕೈ ಮುರದದ. ಅರ್ಜಿ ತಗೋರಿ," ಎಂದರು.

ಅರ್ಜಿ ತೆಗೆದುಕೊಂಡ ಗುಮಾಸ್ತರು ಅಷ್ಟಕ್ಕೇ ಬಿಡುತ್ತಾರೆಯೇ? ಪ್ಲಾಸ್ಟರನ್ನು ನಮ್ಮತ್ತ ತಳ್ಳಿ, "ಇದರ ಜೆರಾಕ್ಸ್ ಬೇಕ್ರಿ," ಎಂದರು.

ಎದುರಿನ ಅಂಗಡಿಯವನು ಅದನ್ನು ಮೆಷಿನ್ ಮೇಲೆ ಮಲಗಿಸಿ, ದಿನಾ ಇದೇ ಕೆಲಸ ಎಂಬಂತೆ ಕೇಳಿದ: "ಎರಡೂ ಕಡಿ ತೆಗೀಲೇನ್ರಿ?"