ನಿವಾಳಿಸಿದ ಕೋಳಿ ಮತ್ತು ಅತ್ತೆಯ ಗಂಟು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಅಂಗಡಿಯವನು ತೂಗಿಕೊಟ್ಟ ಬೆಲ್ಲವನ್ನು ಮನೆಗೆ ತಂದು ಇನ್ನೊಮ್ಮೆ ತೂಗುತ್ತೇನೆ. ಮೊಮ್ಮಕ್ಕಳು ನಗುತ್ತಾರೆ, ನಗಲಿ. ಈ ಗುಣ ಹುಟ್ಟಿನಿಂದಲೇ ಇತ್ತೋ ಏನೋ, ಗಟ್ಟಿಯಾದದ್ದು ಮಾತ್ರ ದೊಡ್ಡೇರಿ ಕಡೆಯ ಅತ್ತೆ ಮನೆಯಲ್ಲಿ, ಮಹಾರಾಜರ ಕಾಲದ ಕೊನೆಯಲ್ಲಿ, ಯುದ್ಧ ನಡೆಯುತ್ತಿದ್ದಾಗ. ಅದೂ ಒಂದು ಕರಿ ಹೇಂಟೆಯ ದೆಸೆಯಿಂದ.

ಒಂದು ದಿನ ಅತ್ತೆಯ ಬೆನ್ನಿಗೆ ಹರಳೆಣ್ಣೆ ತಿಕ್ಕುತ್ತಿದ್ದೆ. ಎಡ ಎದೆಯ ಪಕ್ಕ, ಕಂಕುಳಿನ ಹತ್ತಿರ, ಗೋಲಿಯಷ್ಟು ಒಂದು ಗಂಟು ಎದ್ದಿದೆ ಎಂದು ಅವರೇ ಹೇಳಿದರು. ಮಧುಗಿರಿ ಆಸ್ಪತ್ರೆಗೆ ಹೋಗೋಣ ಎಂದೆ. ಗಂಡಸಿನ ಮುಂದೆ ರವಿಕೆ ಬಿಚ್ಚಲೇನೇ ಎಂದು ನನ್ನ ಬಾಯಿ ಮುಚ್ಚಿಸಿದರು. ಮಂಗಳವಾರ ಮಾರಮ್ಮನ ಪೂಜಾರಿಯನ್ನು ಕರೆಸಿ, ಮನೆಯ ಕರಿ ಹೇಂಟೆಯನ್ನು ಮೈಗೆ ನಿವಾಳಿಸಿಕೊಂಡು ಊರಾಚೆ ಬಿಡಿಸಿದರು. ನಮ್ಮ ಕಡೆ ಹಾಗೆ ಬಿಟ್ಟ ಕೋಳಿಯನ್ನು ಯಾರೂ ಹಿಡಿಯುವಂತಿಲ್ಲ, ಕೊಯ್ಯುವಂತಿಲ್ಲ. ಅದು ತಾನಾಗಿ ಸತ್ತರೆ ಕಾಯಿಲೆಯೂ ಅದರ ಜೊತೆಗೇ ಸಾಯುತ್ತದೆ. ಯಾರಾದರೂ ಕೊಯ್ದರೆ ಕಾಯಿಲೆ ಮೊದಲಿದ್ದವರಿಗೇ ತಿರುಗಿ ಬರುತ್ತದೆ. ಈ ಕಟ್ಟಲೆಯೆಲ್ಲ ಕೋಳಿಗೆ ಹೇಗೆ ಗೊತ್ತಾಗಬೇಕು? ಸಂಜೆಯಾಗುತ್ತಲೇ ನೆಟ್ಟಗೆ ನಮ್ಮ ಗೂಡಿಗೇ ಬಂದು ಕೂತಿತು.

ಸಂಕ್ರಾಂತಿ ಕಳೆದ ಮೇಲೆ ಆ ಹೇಂಟೆಯ ಎದೆಯ ಮೇಲೊಂದು ಗಂಟು ಎದ್ದಿತು. ಅತ್ತೆಯ ಸಂತೋಷ ಹೇಳತೀರದು. ಅದನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದರು.

“ನೋಡ್ಲೇ, ಎಡಗಡೀಕೇ ಬಂದೈತೆ. ನಂದು ಕರಗೋಯ್ತು ಕಣಮ್ಮ.”

ಎಲ್ಲಿ, ನಿಮ್ಮದನ್ನು ನೋಡೋಣ ಎಂದು ಕೈ ಚಾಚಿದೆ. ಅತ್ತೆ ನನ್ನ ಕೈಗೆ ಒಂದೇಟು ಕೊಟ್ಟು ಸೆರಗು ಎಳೆದುಕೊಂಡರು. ನನಗೆ ಅನುಮಾನ ಹೊಕ್ಕದ್ದೇ ಅಲ್ಲಿ. ಕರಗಿದ್ದರೆ ತೋರಿಸಲು ಏನು ಧಾಡಿ? ರಾಗಿ ಬೀಸುವಾಗ ಅವರು ಎಡಗೈ ಹಚ್ಚುವುದನ್ನು ಬಿಟ್ಟಿದ್ದರು. ಬಚ್ಚಲಿಗೆ ಹೋದರೆ ಅಗುಳಿ ಹಾಕಿಕೊಳ್ಳುತ್ತಿದ್ದರು. ಬೆನ್ನು ತಿಕ್ಕಲು ಕರೆಯುವುದೂ ನಿಂತಿತು. ಆ ಕೋಳಿಗೆ ಮಾತ್ರ ದಿನವೂ ಅಕ್ಕಿ ನುಚ್ಚು, ಮನೆಯವರಿಗೆಲ್ಲ ರಾಗಿ ಮುದ್ದೆ. ನನ್ನ ಅನುಮಾನವನ್ನು ಗಂಡನ ಕಿವಿಗೆ ಹಾಕಿದೆ. ನಮ್ಮವ್ವನಿಗೆ ಕಾಯಿಲೆ ಇರಲಿ ಅಂತಲೇ ನಿನ್ನ ಆಸೆಯಾ ಎಂದು ಸಿಡುಕಿದರು. ಮೈಯೆಲ್ಲ ಉರಿದುಹೋಯಿತು. ಅವತ್ತು ಅವರಿಗೆ ಎರಡನೇ ಮುದ್ದೆ ನಾನು ಬಡಿಸಲಿಲ್ಲ.

ಹೀಗಿರುವಾಗ ಬೆಂಗಳೂರಿನಿಂದ ಒಬ್ಬ ಕೋಳಿ ಡಾಕ್ಟರು ಬಂದರು. ಖಾಕಿ ಚಡ್ಡಿ, ತಲೆಗೆ ದೊಡ್ಡ ಟೋಪಿ, ಸೈಕಲ್ಲಿನ ಹಿಂದೆ ಬಿದಿರು ಪಂಜರ. ಗಂಟೆದ್ದ ಕೋಳಿ ಇದ್ದರೆ ಕೊಡಿ, ಬದಲಿಗೆ ಒಳ್ಳೆಯ ಕೋಳಿ ಕೊಡುತ್ತೇನೆ ಅಂದರು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಸರ್ಕಾರದವರು ರಾಗಿಯನ್ನು ಲೆವಿ ಅಂತ ಅಳೆದುಕೊಂಡು ಹೋಗಿದ್ದರು, ಈಗ ಕೋಳಿಗೂ ಬಂದರು ಅಂದರು ಕೆಲವರು. ಗಂಟನ್ನು ಅರೆದು ಸೂಜಿಮದ್ದು ಮಾಡಿ ನಮ್ಮ ಮಕ್ಕಳಿಗೇ ಚುಚ್ಚುತ್ತಾರೆ ಅಂದರು ಇನ್ನು ಕೆಲವರು. ನನಗನ್ನಿಸಿದ್ದು ಬೇರೆ. ಒಳ್ಳೆಯದನ್ನು ಕೊಟ್ಟು ಕೆಟ್ಟದ್ದನ್ನು ಒಯ್ಯುವವನು ಹುಚ್ಚನಿರಬೇಕು, ಇಲ್ಲ ಕಳ್ಳನಿರಬೇಕು. ನೋಡಿದರೆ ಹುಚ್ಚನ ಹಾಗೆ ಕಾಣಲಿಲ್ಲ.

ನಮ್ಮ ಮನೆಯ ಕೋಳಿಯ ಸುದ್ದಿ ಯಾರು ಹೇಳಿದರೋ, ನೆಟ್ಟಗೆ ನಮ್ಮ ಜಗಲಿಗೇ ಬಂದು ಕೂತರು. ಅತ್ತೆ ಹೇಂಟೆಯನ್ನು ಮಡಿಲಲ್ಲಿ ಅವುಚಿಕೊಂಡು ಬಾಗಿಲ ಒಳಗಡೆ ಕೂತುಬಿಟ್ಟರು. ನಾನು ಅಮಲ್ದಾರರ ಹಾಗೆ ವಿಚಾರಣೆಗಿಳಿದೆ. ಇದನ್ನು ಒಯ್ದು ಏನು ಮಾಡುತ್ತೀರಿ, ಎಲ್ಲಿ ಮಾಡುತ್ತೀರಿ, ಮಾಡಿ ನಿಮಗೇನು ಬರುತ್ತದೆ?

ಆ ಮನುಷ್ಯ ಬೇಸರಪಡಲಿಲ್ಲ. ಗಂಟನ್ನು ಕೊಯ್ದು, ಮರಳು ಹಾಕಿ ಅರೆದು, ಉಪ್ಪುನೀರಲ್ಲಿ ಕಲಸಿ ಸೋಸುತ್ತಾರಂತೆ. ಆ ಜರಡಿಯ ಕಣ್ಣು ಎಷ್ಟು ಸಣ್ಣದೆಂದರೆ ಕಾಲರಾ, ಪ್ಲೇಗಿನ ಕ್ರಿಮಿ ಕೂಡ ತೂರುವುದಿಲ್ಲವಂತೆ. ಕೆಳಗಿಳಿದ ತಿಳಿನೀರನ್ನು ಗಟ್ಟಿಮುಟ್ಟಾದ ಇನ್ನೊಂದು ಕೋಳಿಗೆ ಚುಚ್ಚಿದರೆ ಅದಕ್ಕೂ ಅಂಥದೇ ಗಂಟು ಬರುತ್ತದಂತೆ. ಪರದೇಶದಲ್ಲಿ ಹಾಗೆ ಮಾಡಿ ನೋಡಿದ್ದಾರೆ, ನಮ್ಮ ನಾಡಕೋಳಿಯಲ್ಲೂ ಹಾಗೇ ಆಗುತ್ತದೆಯೇ ಎಂದು ನೋಡಬೇಕು ಅಂದರು. ಬರಿಯ ನೀರಿನಿಂದ ಗಂಟೇ? ಯಾರಿಗೆ ಹೇಳುತ್ತಿದ್ದಾನೆ ಈ ಕಥೆ, ಎಂದುಕೊಂಡೆ. ಅದರೊಳಗೆ ಕಣ್ಣಿಗೆ ಕಾಣದ ವಿಷ ಇರುತ್ತದೆಯಮ್ಮ ಅಂದರು. ಈಗ ಎಲ್ಲರ ಬಾಯಲ್ಲೂ ವೈರಸ್ಸು ಅನ್ನುವ ಮಾತಿದೆ, ಆಗ ಎಲ್ಲಿತ್ತು?

ಮನುಷ್ಯರ ಗಂಟು ಕೋಳಿಗೆ ಹೋಗುತ್ತದೆಯೇ ಎಂದು ಕೇಳಿದೆ. ಅತ್ತೆ ಒಳಗಿನಿಂದ ನನ್ನನ್ನು ದುರುಗುಟ್ಟಿ ನೋಡಿದರು.

ಹೋಗುವುದಿಲ್ಲ ಅಂದರು ಡಾಕ್ಟರು. ಕೋಳಿಯದು ಕೋಳಿಗೇ. ಮನುಷ್ಯರದು ಅದಕ್ಕಿಲ್ಲ, ಅದರದು ಮನುಷ್ಯರಿಗಿಲ್ಲ.

ಹಾಗಾದರೆ ಅತ್ತೆಯ ಗಂಟು ಇನ್ನೂ ಅವರಲ್ಲೇ ಇರಬೇಕು. ಆದರೂ ನಂಬಲಿಲ್ಲ, ಕೋಳಿ ಸಿಗಲಿ ಎಂದು ಹೀಗೆ ಹೇಳುತ್ತಿರಬಹುದಲ್ಲ? ಅವರು ಗೂಡಿನ ಮಿಕ್ಕ ಕೋಳಿಗಳನ್ನೂ ಒಮ್ಮೆ ತೋರಿಸಿ ಅಂದರು. ಅವರನ್ನು ಗೂಡಿನ ಹತ್ತಿರ ಬಿಡದೆ ನಾನೇ ಒಂದೊಂದನ್ನೂ ಹಿಡಿದು ರೆಕ್ಕೆ ಎತ್ತಿ ನೋಡಿದೆ. ಕರಿ ಹೇಂಟೆಯ ಜೊತೆಗೇ ಮರಿಯಾಗಿದ್ದ ಚುಕ್ಕೆ ಹೇಂಟೆಯ ರೆಕ್ಕೆಯ ಬುಡದಲ್ಲಿ ಏನೋ ಬೆರಳಿಗೆ ತಗುಲಿತು. ಹುಣಿಸೆ ಬೀಜದಷ್ಟು, ಗಟ್ಟಿಯಾಗಿತ್ತು. ಜಗಲಿಗೆ ತಂದು ಕೊಟ್ಟೆ. ಡಾಕ್ಟರು ಒತ್ತಿ ನೋಡಿ ಅತ್ತೆಯ ಕಡೆ ತಿರುಗಿದರು. ಬಿಟ್ಟ ಕೋಳಿಯ ವಿಷಯ ಅವರಿಗೆ ಊರವರು ಆಗಲೇ ಹೇಳಿದ್ದಿರಬೇಕು.

“ಇದನ್ನ ಯಾರಿಗೆ ನಿವಾಳಿಸಿದ್ರಿ ತಾಯಿ?”

ಅತ್ತೆ ಚುಕ್ಕೆ ಹೇಂಟೆಯನ್ನೂ ಮಡಿಲಲ್ಲಿದ್ದದ್ದನ್ನೂ ತಿರುತಿರುಗಿ ನೋಡಿದರು. ಆಮೇಲೆ ತಾವೇ ಎದ್ದು ಹೋಗಿ ಕರಿ ಹೇಂಟೆಯನ್ನು ಪಂಜರದೊಳಗೆ ಬಿಟ್ಟರು. ಬದಲಿಗೆ ಡಾಕ್ಟರು ಕೊಡಲು ಬಂದ ಕೋಳಿಯನ್ನು ಮುಟ್ಟಲೂ ಇಲ್ಲ. ನನ್ನನ್ನು ನಡುಮನೆಗೆ ಕರೆದು, ರವಿಕೆ ಸಡಿಲಿಸಿ, ನನ್ನ ಕೈಯನ್ನು ಹಿಡಿದು ತಮ್ಮ ಕಂಕುಳಡಿಗೆ ಇಟ್ಟುಕೊಂಡರು. ನಿಂಬೆಹಣ್ಣಿನಷ್ಟಾಗಿತ್ತು. ಮೇಲಿನ ಚರ್ಮ ಒಳಕ್ಕೆ ಸೆಳೆದಿತ್ತು. ನನ್ನ ಅನುಮಾನ ನಿಜವಾಗಿತ್ತು. ಅದು ಸುಳ್ಳಾಗಬಾರದಿತ್ತೇ ಎಂದು ಅಲ್ಲೇ ಕೂತು ಅತ್ತುಬಿಟ್ಟೆ.

ಮಾರನೆಯ ದಿನ, ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿ ಮಧುಗಿರಿಗೆ ಹೋದೆವು. ಆಸ್ಪತ್ರೆಯ ಡಾಕ್ಟರು ಮುಟ್ಟಿ ನೋಡಿದರು, ಕುತ್ತಿಗೆಯ ಬುಡದಲ್ಲೂ ಒತ್ತಿ ನೋಡಿದರು, ಕೈ ತೊಳೆದುಕೊಂಡು ಬಂದರು. ಕಳೆದ ವರ್ಷವೇ ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನನ್ನನ್ನೇ ಗದರಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ರವಿಕೆಯ ಗಂಟು ಹಾಕಿಕೊಳ್ಳುತ್ತ ಹೇಳಿದರು:

“ಅವಳನ್ನ ಬಯ್ಯಬ್ಯಾಡಿ ಸ್ವಾಮಿ. ಇಷ್ಟು ದಿನ ಇದು ನನ್ ತಾವ ಇರ್ಲಿಲ್ಲ, ಕೋಳಿ ತಾವ ಇತ್ತು.”