ಸಂಡಿಗೆಗೆ ಬಿಸಿಲು ಹುಡುಕಿ

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾನೂ ನನ್ನ ಅತ್ತೆಯೂ ನಾವಿರುವ ಕ್ಯಾಂಪ್‌ಬೆಲ್ ಊರಿನಿಂದ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ಕೂತಿದ್ದದ್ದು ಒಂದು ದೊಡ್ಡ ಪಾತ್ರೆ. ಅದರ ತುಂಬ ಅತ್ತೆ ನಸುಕಿನಲ್ಲೇ ಎದ್ದು ಕಾಸಿದ ಸಾಬಕ್ಕಿ ಸಂಡಿಗೆಯ ಹಿಟ್ಟು. ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಏನನ್ನೂ ಒಣಹಾಕುವಂತಿಲ್ಲ. ಆದರೆ ಪೆಸಿಫಿಕಾ ಎಂಬ ಊರಿನಲ್ಲಿ ಸಮುದ್ರಕ್ಕೆ ಎದುರಾಗಿಯೇ ನಾದಿನಿ ಸುಮಾಳ ಮನೆಯಿದೆ, ಮನೆಗೊಂದು ಹಲಗೆ ಹಾಸಿದ ದೊಡ್ಡ ತೆರೆದ ಡೆಕ್ಕಿದೆ. ಎರಡು ವರ್ಷದ ಕೆಳಗೆ ಅಕ್ಟೋಬರಿನಲ್ಲಿ ನಡೆದ ಗೃಹಪ್ರವೇಶದ ಫೋಟೋದಲ್ಲಿ ಆ ಡೆಕ್ಕು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅಲ್ಲೇ ಸಂಡಿಗೆ ಇಡುವುದೆಂದು ತೀರ್ಮಾನವಾಯಿತು. ಬೇಸಿಗೆಯಲ್ಲಿ ನಾವಿಬ್ಬರೂ ಅಲ್ಲಿಗೆ ಹೋದವರಲ್ಲ, ಸುಮಾಳಿಗೆ ಬರುತ್ತೇವೆಂದಷ್ಟೇ ತಿಳಿಸಿದ್ದೆವು.

ತೀರ್ಮಾನಕ್ಕೆ ಒತ್ತುಕೊಟ್ಟವಳು ನಾನೇ. ಮಲ್ಪೆಯ ಕಡೆಯವಳಾದ ನನಗೆ ಕಡಲ ದಂಡೆ ಅಂದರೆ ಮೀನು ಒಣಗುವ ಜಾಗ. ಹುಬ್ಬಳ್ಳಿಯ ಮಡಿವಂತ ಅತ್ತೆಯ ಮುಂದೆ ಮೀನಿನ ಸುದ್ದಿ ಎತ್ತಲಿಲ್ಲ. "ಕಡಲ ಬಿಸಿಲಿನಷ್ಟು ಖಡಕ್ಕು ಬೇರೆ ಯಾವುದೂ ಇಲ್ಲ, ಅತ್ತೆ" ಎಂದಷ್ಟೇ ಹೇಳಿದೆ.

ಅತ್ತೆ ಮೂರು ತಿಂಗಳಿಗೆಂದು ಬಂದವರು, ಸೋಮವಾರ ವಾಪಸು ಹೊರಡುವವರು. ಬಂದಾಗಿನಿಂದ ಈ ದೇಶ ಅವರ ಕೈಗೆ ಒಗ್ಗಿರಲಿಲ್ಲ. ಮೊಸರು ಹೆಪ್ಪುಗಟ್ಟಲಿಲ್ಲ. ರೊಟ್ಟಿ ಬೇಯಿಸಿದರೆ ಹೊಗೆಯ ಅಲಾರ್ಮು ಕೂಗಿ ಪಕ್ಕದ ಮನೆಯವರು ಬಾಗಿಲು ಬಡಿದರು. ಮಗನಿಗೆ ಒಂದು ವರ್ಷಕ್ಕಾಗುವಷ್ಟು ಸಂಡಿಗೆ ಮಾಡಿಟ್ಟು ಹೋಗಬೇಕೆಂಬುದೊಂದೇ ಆಸೆ ಉಳಿದಿತ್ತು.

"ಒಂದರೆ ಕೆಲಸ ನನ್ನ ಕೈಲೆ ನೆಟ್ಟಗಾಗ್ಲಿವಾ," ಎಂದರು ಫ್ರೀವೇ ಹತ್ತುವಾಗ. "ಇಲ್ಲಂದ್ರ ಕುಂತು ಉಂಡು ಹೋದಂಗ ಆಗ್ತದ."

ಪೆಸಿಫಿಕಾಕ್ಕೆ ಸುಮಾರು ನಲವತ್ತೈದು ಮೈಲಿ. ಮುಕ್ಕಾಲು ದಾರಿಯವರೆಗೂ ಆಕಾಶ ನೀಲಿಯಾಗಿತ್ತು. ಕೊನೆಯ ಗುಡ್ಡ ದಾಟಿ ಇಳಿಯುತ್ತಿದ್ದಂತೆ ಮಂಜು ಕವಿಯಿತು, ವೈಪರು ಹಾಕಬೇಕಾಯಿತು. ಸುಮಾಳ ಮನೆಯ ಎದುರಿದ್ದ ಸಮುದ್ರದ ಸದ್ದು ಮಾತ್ರ ಕೇಳುತ್ತಿತ್ತು. ಡೆಕ್ಕಿನ ಹಲಗೆಗಳು ಆಗತಾನೇ ನೀರು ಹಾಕಿ ತೊಳೆದಂತೆ ಒದ್ದೆಯಾಗಿದ್ದವು. ಸುಮಾ ಸ್ವೆಟರು ಹಾಕಿಕೊಂಡು ಬಾಗಿಲು ತೆರೆದಳು.

"ಇಲ್ಲೆ ಸಂಡಿಗಿ ಒಣಗೂದಿರ್ಲಿ, ನಾನಽ ಬೂಸ್ಟು ಹಿಡೀತೀನಿ," ಎಂದರು ಅತ್ತೆ ಸೆರಗು ಹೊದ್ದುಕೊಳ್ಳುತ್ತ. "ಇದೇನಽ ನಿಮ್ಮ ಕಡಲ ಬಿಸಿಲು?"

ನಾನು ಸುಮಾ ಕೊಟ್ಟ ಕಾಫಿ ಲೋಟದಲ್ಲಿ ಮುಖ ಮುಚ್ಚಿಕೊಂಡೆ. ಹಿಟ್ಟು ಸಂಜೆಯವರೆಗೆ ತಡೆಯುವುದಿಲ್ಲ, ಹುಳಿಯಾಗುತ್ತದೆ. ಸೋಮವಾರದೊಳಗೆ ಮತ್ತೆ ಸಾಬಕ್ಕಿ ನೆನೆಹಾಕಿ, ಕಾಸಿ, ಒಣಗಿಸುವಷ್ಟು ಸಮಯವಿರಲಿಲ್ಲ.

"ಗುಡ್ಡದ ಮ್ಯಾಲೆ ಹೋಗೂಣು," ಎಂದಳು ಸುಮಾ. "ಈ ಫಾಗು ಕೆಳಗಽ ಇರ್ತದವ್ವಾ. ಮ್ಯಾಲೆ ಹೋದ್ರ ಸುಡುಸುಡು ಬಿಸಿಲು."

ನನಗೆ ನಂಬಿಕೆ ಬರಲಿಲ್ಲ. ಎತ್ತರಕ್ಕೆ ಹೋದಷ್ಟೂ ಚಳಿ ಎಂದೇ ನಾನು ಓದಿದ್ದು. ಆದರೆ ಒಂದು ಸಲ ಮುಖಭಂಗವಾದ ಮೇಲೆ ಬಾಯಿ ಬಿಡದಿರುವುದೇ ಮೇಲು. ಪಾತ್ರೆಗೆ ಮತ್ತೆ ಬೆಲ್ಟು ಬಿಗಿದು ಮೂವರೂ ಹೊರಟೆವು.

ಸ್ಕೈಲೈನ್ ಎಂಬ ರಸ್ತೆ ಬೆಟ್ಟದ ನೆತ್ತಿಯ ಮೇಲೆಯೇ ದಕ್ಷಿಣಕ್ಕೆ ಸಾಗುತ್ತದೆ. ಮೊದಲು ಸಿಕ್ಕಿದ್ದು ಮುಗಿಲೆತ್ತರದ ರೆಡ್‌ವುಡ್ ಮರಗಳ ಕಾಡು. ಮಳೆಯಿಲ್ಲ, ಆದರೂ ಮರಗಳ ಕೆಳಗೆ ಟಪಟಪ ಹನಿ ಬೀಳುತ್ತಿತ್ತು. ಕಾಡಿನಾಚೆಯ ರಸ್ತೆ ಒಣಗಿತ್ತು, ಮರದಡಿಯ ರಸ್ತೆ ಮಾತ್ರ ಒದ್ದೆ. ಸುಮಾ ಕಾರು ನಿಲ್ಲಿಸಿ ಅತ್ತೆಗೆ ಒಂದು ಕೊಂಬೆ ಮುಟ್ಟಿಸಿದಳು. ಎರಡು ಬೇಸಿಗೆ ಬಿಸಿಲು ಕಾಣದೆ ಬದುಕಿದವಳು ಅವಳು. ಮಂಜನ್ನು ಸರಿಯಾಗಿ ಬೈಯುವುದಕ್ಕೆಂದೇ ಅದರ ಬಗ್ಗೆ ಓದಿಕೊಂಡಿದ್ದಳು. ಬೇಸಿಗೆಯ ಗಾಳಿ ಕಡಲಿನ ಮೇಲ್ನೀರನ್ನು ದಂಡೆಯಿಂದ ಆಚೆ ತಳ್ಳುತ್ತದಂತೆ, ಆಗ ಆಳದ ತಣ್ಣೀರು ಮೇಲೇಳುತ್ತದಂತೆ. ಆ ನೀರಿನ ಜೊತೆ ತಳದ ಸಾರವೂ ಬಂದು ಮೀನುಗಳಿಗೆ ಸುಗ್ಗಿ. ತಣ್ಣೀರಿನ ಮೇಲೆ ಹಾದು ಬಂದ ಗಾಳಿ ಮಂಜಾಗುತ್ತದೆ. ಒಳನಾಡಿನ ಬಯಲು ಕಾದು ಅಲ್ಲಿಯ ಗಾಳಿ ಮೇಲೇರಿದಾಗ ಈ ಮಂಜು ಒಳಕ್ಕೆ ಎಳೆಯಲ್ಪಡುತ್ತದೆ. ಬೆಟ್ಟ ಅದನ್ನು ತಡೆಯುತ್ತದೆ, ಮರಗಳ ಎಲೆ ಅದನ್ನು ಹನಿ ಮಾಡಿ ಬೇರಿಗೆ ಸುರಿಯುತ್ತದೆ. ಮಳೆಯಿಲ್ಲದ ಬೇಸಿಗೆಯಲ್ಲಿ ಕಾಡು ನೀರು ಕುಡಿಯುವುದು ಹೀಗೆ.

"ಹಂಗಾರ ಬೈಯಬ್ಯಾಡ ಅದಕ್ಕ," ಎಂದರು ಅತ್ತೆ. "ಆದ್ರ ನನ್ನ ಸಂಡಿಗಿ?"

ಇನ್ನೂ ಕೆಲವು ಮೈಲಿ ಹೋದ ಮೇಲೆ ಒಂದು ತಿರುವಿನಲ್ಲಿ ಬಿಸಿಲು ಮುಖಕ್ಕೆ ರಾಚಿತು. ಎರಡೂ ಕಡೆ ಬಂಗಾರದ ಬಣ್ಣದ ಒಣಹುಲ್ಲು, ಪಶ್ಚಿಮಕ್ಕೆ ನಮ್ಮ ಕಾಲ ಕೆಳಗೆ ಹಿಂಜಿದ ಹತ್ತಿಯ ಹಾಗೆ ಮಂಜು. ಬೆಚ್ಚನೆಯ ಒಣಗಾಳಿ ಮುಚ್ಚಳದಂತೆ ಮೇಲೆ ಕೂತು ಮಂಜನ್ನು ಕೆಳಗೇ ಅದುಮಿಟ್ಟಿತ್ತು. ಸುಮಾ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು.

ಪಾರ್ಕಿಂಗಿಗೆ ದುಡ್ಡು ಕೊಡಬೇಕಿರಲಿಲ್ಲ, ಜನವೂ ಕಡಿಮೆ. ಒಂದು ಪಿಕ್ನಿಕ್ ಮೇಜಿನ ಮೇಲೆ, ಸಾಲದ್ದಕ್ಕೆ ಕಾರಿನ ಬಾನೆಟ್ಟು ಮತ್ತು ಛಾವಣಿಯ ಮೇಲೆ ಪ್ಲಾಸ್ಟಿಕ್ ಹಾಸಿದೆವು. ಅತ್ತೆ ಮೊದಲು ಒಂದು ಚಮಚ ಹಿಟ್ಟನ್ನು ಪಕ್ಕದ ಬಂಡೆಯ ಮೇಲೆ ಇಟ್ಟು ಕೈಮುಗಿದರು. ಹಕ್ಕಿಗಳ ಪಾಲು ಅದು. ಊರಿನಲ್ಲೂ ಅದನ್ನಿಡದೆ ಅವರು ಸಂಡಿಗೆ ಶುರುಮಾಡಿದವರಲ್ಲ. ಆಮೇಲೆ ಮೂವರೂ ಚಮಚದಿಂದ ಸಾಲು ಸಾಲಾಗಿ ಸಂಡಿಗೆ ಇಟ್ಟೆವು. ಪಾತ್ರೆ ಖಾಲಿಯಾದಾಗ ನೆರಳಿಗೆ ಕೂತು ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ತಿಂದೆವು. ಮೊಸರು ಅಂಗಡಿಯದು.

ನಡು ಮಧ್ಯಾಹ್ನ ಕಾಡು ಕಾಯುವ ಒಬ್ಬ ರೇಂಜರಮ್ಮ ಜೀಪು ನಿಲ್ಲಿಸಿ ಕೆಳಗಿಳಿದಳು. ಅಂಗಡಿ ಇಟ್ಟಿದ್ದೇವೆಂದು ತಿಳಿದಳೋ ಏನೋ. ಸುಮಾ ವಿವರಿಸಿದ ಮೇಲೆ ನಕ್ಕು, ಸಂಡಿಗೆಗಳನ್ನು ಬಗ್ಗಿ ನೋಡಿದಳು. ಅಷ್ಟರಲ್ಲಿ ಕಪ್ಪು ಜುಟ್ಟಿನ ನೀಲಿ ಹಕ್ಕಿಯೊಂದು ಬಂಡೆಯ ಹತ್ತಿರ ಬಂದು ಕೂತಿತು. ಜೇ ಎನ್ನುತ್ತಾರೆ ಅದಕ್ಕೆ. "ಬಂತು ನೋಡು," ಎಂದು ಅತ್ತೆ ಹಿಗ್ಗಿದರು. ರೇಂಜರಮ್ಮ ನಗು ನಿಲ್ಲಿಸಿ, ಚಪ್ಪಾಳೆ ತಟ್ಟಿ ಅದನ್ನು ಓಡಿಸಿದಳು. ಅವಳು ಹೇಳಿದ್ದನ್ನು ಸುಮಾ ಅತ್ತೆಗೆ ಕನ್ನಡದಲ್ಲಿ ಹೇಳಿದಳು.

"ಅವ್ವಾ, ಮರ್ರಲೆಟ್ ಅಂತ ಒಂದು ಸಮುದ್ರದ ಹಕ್ಕಿ ಅದ. ಮೀನು ಹಿಡಿಯೂದು ಆ ತಣ್ಣೀರಾಗ, ತತ್ತಿ ಇಡೂದು ಈ ಕೆಳಗಿನ ಹಳೇ ರೆಡ್‌ವುಡ್ ಮರದಾಗ. ವರ್ಷಕ್ಕ ಒಂದಽ ತತ್ತಿ. ನಾವು ಕಾಳು ಚೆಲ್ಲಿದ್ರ ಈ ಜೇ ಹಿಂಡು ಕಟ್ಟಿ ಬರ್ತಾವಂತ. ಆಮ್ಯಾಲೆ ಆ ತತ್ತೀನೂ ಹುಡುಕಿ ತಿಂತಾವಂತ."

ಅತ್ತೆಯ ಮುಖ ಸಣ್ಣಗಾಯಿತು. ಇದೂ ಅವರ ಕೈಯಿಂದ ಕೆಟ್ಟಿತೇನೋ ಎಂದು ನನಗೆ ಸಂಕಟವಾಯಿತು. "ಬಿಡಿ ಅತ್ತೆ, ನಾನು ತೆಗೀತೇನೆ" ಎಂದು ಎದ್ದೆ. ಅವರು ಕೈ ಅಡ್ಡ ಮಾಡಿದರು. ತಾವೇ ಹೋಗಿ, ಅಂಚು ಆಗಲೇ ಒಣಗಿದ್ದ ಆ ಒಂದು ಸಂಡಿಗೆಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ತಂದು ಪ್ಲಾಸ್ಟಿಕ್ಕಿನ ಮೂಲೆಯಲ್ಲಿಟ್ಟರು. ಬಂಡೆಯ ಮೇಲೆ ಉಳಿದ ಪಸೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ರೇಂಜರಮ್ಮ ಟೋಪಿ ಮುಟ್ಟಿ ನಮಸ್ಕಾರ ಮಾಡಿದಂತೆ ಮಾಡಿ ಹೋದಳು.

ಸೂರ್ಯ ಪಶ್ಚಿಮಕ್ಕೆ ವಾಲುವ ಹೊತ್ತಿಗೆ ಸಂಡಿಗೆಗಳು ಪ್ಲಾಸ್ಟಿಕ್ ಬಿಟ್ಟು ತಾವೇ ಎದ್ದವು. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲೂ ಒಂದೇ ದಿನಕ್ಕೆ ಇಷ್ಟು ಒಣಗುವುದಿಲ್ಲವೆಂದು ಅತ್ತೆ ಒಂದನ್ನು ಮುರಿದು ತೋರಿಸಿದರು. ಚಟ್ ಎಂದಿತು. ಮೂರು ಡಬ್ಬ ತುಂಬಿತು. ಮೇಜಿನ ಮೇಲೆ ಉದುರಿದ್ದ ಚೂರುಗಳನ್ನೆಲ್ಲ ಅವರು ಒದ್ದೆ ಬೆರಳಿಗೆ ಅಂಟಿಸಿಕೊಂಡು ತೆಗೆದರು, ಬೆಂಚಿನ ಕೆಳಗೂ ಬಗ್ಗಿ ನೋಡಿದರು. ಕೆಳಗೆ ಮಂಜು ಕಣಿವೆಗಳೊಳಗೆ ಏರತೊಡಗಿತ್ತು, ರೆಡ್‌ವುಡ್ ಮರಗಳ ತುದಿಗಳು ಒಂದೊಂದಾಗಿ ಮುಳುಗುತ್ತಿದ್ದವು.

ಕಾರು ಹತ್ತಿದ ಮೇಲೆ ಸುಮಾ ಕೇಳಿದಳು, "ಅವ್ವಾ, ಹಕ್ಕೀ ಪಾಲು ಬ್ಯಾರೆ ಇಟ್ಟಿದ್ದಿ ಅಲ್ಲಾ, ಅದು ಎಲ್ಲದ?"

ಅತ್ತೆಯ ಬಾಯೊಳಗೆ ಏನೋ ಕರುಂ ಎನ್ನುತ್ತಿತ್ತು. ಒಣ ಸಂಡಿಗೆ, ಕರಿದದ್ದೂ ಅಲ್ಲ. ಅವರು ಅದನ್ನು ಪೂರ್ತಿ ಅಗಿದು ನುಂಗಿ, ಮಂಜಿನೊಳಗೆ ಇಳಿಯುತ್ತಿದ್ದ ಮರಗಳ ಕಡೆ ನೋಡಿದರು.

"ನಾನಽ ತಿಂದೆ," ಎಂದರು. "ಜೇಗೆ ಸಿಗ್ಲಿಲ್ಲಲ್ಲಾ, ಆ ತತ್ತಿಯೊಳಗಿನ ಕೂಸಿಗೆ ಮುಟ್ಟತದ."