ಕೂಳೂರು ಕಡವಿನ ಮೆಯಿಲು ದೋಣಿ

ಕೂಳೂರು ಹೊಳೆಗೆ ಸೇತುವೆ ಇಲ್ಲದಿದ್ದ ಬ್ರಿಟಿಷರ ಕಾಲದಲ್ಲಿ ನನ್ನ ಅಜ್ಜ ಬೂಬ ಅಲ್ಲಿಯ ಕಡವಿನಲ್ಲಿ ಜನರನ್ನು ದಾಟಿಸುವ ದೋಣಿ ನಡೆಸುತ್ತಿದ್ದರು. ಬೆಳಿಗ್ಗೆ ಪೇಟೆಗೆ ಮೀನು ಒಯ್ಯುವ ಹೆಂಗಸರೆಲ್ಲ ಅವರ ದೋಣಿಯಲ್ಲೇ ದಾಟುತ್ತಿದ್ದರು, ನನ್ನ ಅಜ್ಜಿ ಅಕ್ಕು ಕೂಡ. ತಮ್ಮ ತಂಗಿಯ ಗಂಡ ತುಕ್ರಜ್ಜನಿಗೆ ಹುಟ್ಟು ಹಾಕಲು ಕಲಿಸಿದವರೂ ಅಜ್ಜನೇ. ಆದರೆ ಅಂಚೆಯ ಚೀಲ ದಾಟಿಸುವ ಕೆಲಸವನ್ನು ಕಡವಿನ ಗುತ್ತಿಗೆದಾರರು ತುಕ್ರಜ್ಜನಿಗೆ ಕೊಟ್ಟಿದ್ದರು. ಚೀಲ ಹೊತ್ತು ಓಡಿ ಬರುವ ಓಟದವನ ಗೆಜ್ಜೆ ಕೇಳಿಸಿದರೆ ಉಳಿದ ದೋಣಿಗಳು ದಾರಿ ಬಿಡಬೇಕು. ಕಾಗದ ಒದ್ದೆಯಾದೀತೆಂದು ಚೀಲದ ದೋಣಿಗೆ ಮೀನಿನ ಬುಟ್ಟಿ ಹತ್ತಿಸುವಂತಿರಲಿಲ್ಲ. ಜನ ತುಕ್ರಜ್ಜನನ್ನೇ ಅಂಚೆಯ ಇಂಗ್ಲಿಷ್ ಹೆಸರಿನಿಂದ ಮೆಯಿಲು ಎಂದು ಕರೆಯತೊಡಗಿದರು. ಅದು ಕಿವಿಗೆ ಬಿದ್ದಾಗಲೆಲ್ಲ ಅಜ್ಜನಿಗೆ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗಾಗುತ್ತಿತ್ತಂತೆ.

ಒಂದು ದಿನ ಅಜ್ಜನ ದೋಣಿಯಲ್ಲಿ ಶಾಲೆಯ ಹ್ಯೂಬರ್ಟ್ ಮಾಸ್ತರರು ಕುಳಿತಿದ್ದರು. ಮೆಯಿಲು ಎಂದರೆ ಎಂತ ಎಂದು ಅಜ್ಜ ಕೇಳಿದರು. ಇಂಗ್ಲಿಷರು ಆ ಮಾತನ್ನು ಫ್ರೆಂಚರಿಂದ ತಂದುಕೊಂಡದ್ದು, ಮೊದಲು ಅದು ಪ್ರಯಾಣಿಕರ ಬರೇ ಚೀಲದ ಹೆಸರು. ಆಮೇಲೆ ಕಾಗದ ತುಂಬಿದ ಚೀಲ, ಆಮೇಲೆ ಒಳಗಿನ ಕಾಗದಗಳು, ಈಗ ಅದನ್ನು ಒಯ್ಯುವ ರೈಲೂ ಮೆಯಿಲೇ ಎಂದು ಮಾಸ್ತರರು ವಿವರಿಸಿದರು.

"ಹಾಗಾದ್ರೆ ಹೆಸರು ಚೀಲದ್ದು. ತುಕ್ರಂದಲ್ಲ."

"ಚೀಲ ಯಾರ ದೋಣಿಯಲ್ಲಿ ಉಂಟೋ ಅವನದ್ದು ಮಾರಾಯ," ಎಂದು ಮಾಸ್ತರರು ನಕ್ಕರು.

ಅಜ್ಜ ನಗಲಿಲ್ಲ. ಅಂದು ಸಂಜೆಯೇ ಗುತ್ತಿಗೆದಾರರ ಬಳಿ ಹೋಗಿ, ಕಲಿಸಿದವನು ನಾನು, ಚೀಲ ನನಗೆ ಬರಬೇಕು ಎಂದು ಪಟ್ಟು ಹಿಡಿದರು. ಗುತ್ತಿಗೆದಾರರು ತುಕ್ರಜ್ಜನನ್ನು ಕರೆಸಿ ಕೇಳಿದರೆ ತುಕ್ರಜ್ಜ ತಕರಾರೇ ಮಾಡಲಿಲ್ಲ.

"ಭಾವನೇ ಮಾಡ್ಲಿ," ಎಂದರು.

ಜಗಳಕ್ಕೆ ಸಿದ್ಧವಾಗಿ ಹೋಗಿದ್ದ ಅಜ್ಜನಿಗೆ ಅದನ್ನೂ ಸಹಿಸಲಾಗಲಿಲ್ಲ.

ಮರುದಿನ ಬೆಳಿಗ್ಗೆ ಚೀಲ ಅಜ್ಜನ ದೋಣಿಗೆ ಬಂತು. ಅಜ್ಜಿ ಎಂದಿನಂತೆ ಬೂತಾಯಿ ಮೀನಿನ ಬುಟ್ಟಿ ಹೊತ್ತು ಬಂದು ದೋಣಿಯೊಳಗೆ ಒಂದು ಕಾಲಿಟ್ಟರು.

"ಇಳಿ," ಅಜ್ಜ ಮೆಲ್ಲಗೆ ಹೇಳಿದರು. "ಮೆಯಿಲಿಗೆ ಮೀನು ಆಗುದಿಲ್ಲ."

"ಮೆಯಿಲಿಗೆ ಹೆಂಡತಿಯೂ ಬೇಡ್ವಾ?"

ಅಜ್ಜಿ ತಿರುಗಿ ತುಕ್ರಜ್ಜನ ದೋಣಿ ಹತ್ತಿದರು. ಹಿಂದೆಯೇ ಉಳಿದ ಹೆಂಗಸರೂ ಹತ್ತಿದರು.

ನಡುಹೊಳೆಯಲ್ಲಿ ಅಜ್ಜನಿಗೆ ಹಿಂದಿನಿಂದ ನಗು ಕೇಳಿಸಿತು. ತುಕ್ರಜ್ಜ ಏನೋ ಹೇಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅಜ್ಜಿ. ಅಜ್ಜನ ದೋಣಿಯಲ್ಲಿ ಓಟದವನು ಚೀಲಕ್ಕೆ ಒರಗಿ ನಿದ್ದೆ ಹೋಗಿದ್ದ.

ಆಚೆ ದಡದಲ್ಲಿ ಅಜ್ಜ ಅಜ್ಜಿಗಾಗಿ ಕಾದು ನಿಂತರು.

"ತುಕ್ರ ಎಂತ ಹೇಳಿದ?"

"ಎಂತದೂ ಇಲ್ಲ. ನೀವು ಚೀಲ ನೋಡಿಕೊಳ್ಳಿ."

ಆಮೇಲೆ ಅಜ್ಜನನ್ನೇ ಎಲ್ಲರೂ ಮೆಯಿಲು ಎಂದು ಕರೆದರು. ಕೈಲಾಗುವವರೆಗೂ ಅವರು ಚೀಲ ದಾಟಿಸಿದರು, ಯಾರಿಗೂ ಬಿಟ್ಟುಕೊಡಲಿಲ್ಲ. ಊಟಕ್ಕೆ ಕುಳಿತಾಗ ಮಾತ್ರ ತುಕ್ರ ಇವತ್ತು ಎಂತ ಹೇಳಿದ ಎಂದು ಕೇಳುತ್ತಿದ್ದರು. ಅಜ್ಜಿ ಹೇಳಲೇ ಇಲ್ಲ. ನಾನು ಕೇಳಿದರೂ ಸೆರಗು ಬಾಯಿಗಿಟ್ಟು ನಗುತ್ತಾರೆ, ಅಷ್ಟೆ.